ಹಳೆಯ ಸೀರೆಯ ಸಂಗ್ರಹ: ರಸವೂ ಧರ್ಮವೂ

೧

ಭಗವದ್ಗೀತೆಯ ಎರಡನೆಯ ಅಧ್ಯಾಯದಲ್ಲಿ ಆತ್ಮನು ದೇಹವನ್ನು ಬಿಟ್ಟು ಹೋಗುವದಕ್ಕೆ ಜೀರ್ಣವಸ್ತ್ರದ ದೃಷ್ಟಾಂತವು ಬಂದಿರುವದು ಎಲ್ಲರಿಗೂ ತಿಳಿದ ಸಂಗತಿ. ಮನುಷ್ಯನು ಹಳೆಯ ಬಟ್ಟೆಯನ್ನು ಬಿಸುಟು ಹೊಸದನ್ನು ಉಡುವನೆಂಬ ಮಾತು ತತ್ತ್ವಕ್ಕೆ ಒಪ್ಪುವಂಥದು. ಆದರೆ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಕಡೆಯ ಮನೆಗಳ ಒಳಕೋಣೆಯನ್ನು ಕಂಡವರಿಗೆ ಆ ದೃಷ್ಟಾಂತದ ಪೂರ್ವಾರ್ಧವು ಅಷ್ಟಾಗಿ ಒಪ್ಪಲಾರದು. ಇಲ್ಲಿಯ ಗೃಹಿಣಿಯರು ಹಳೆಯ ಬಟ್ಟೆಯನ್ನು ಬಿಸುಡುವವರಲ್ಲ. ಉಟ್ಟು ಉಟ್ಟು ಮೆತ್ತಗಾದ ಸೀರೆಯು ಕೂಸಿನ ತೊಟ್ಟಿಲಿಗೆ ಹಾಸಿಗೆಯಾಗುವದು. ಅದಕ್ಕೂ ಮಿಗಿಲಾಗಿ ಸವೆದದ್ದು ಕೌದಿಯ ಪದರವಾಗುವದು. ಕೌದಿಯೂ ಹರಿದ ಮೇಲೆ ಅದರ ತುಂಡು ಒಲೆಯ ಮೇಲಿನ ಪಾತ್ರೆಯನ್ನು ಇಳಿಸುವ ಅರಿವೆಯಾಗುವದು. ಈ ಎಲ್ಲ ಗತಿಗಳಿಂದ ಪಾರಾಗಿ ಕೆಲವೇ ಸೀರೆಗಳು ಪೆಟ್ಟಿಗೆಯ ತಳದಲ್ಲಿ ಒಣಗಿದ ಬೇವಿನ ಎಲೆಯೊಡನೆ ಉಳಿದುಕೊಳ್ಳುವವು.

ಯಾವದನ್ನು ಉಟ್ಟು ಮುಗಿಸಬೇಕು, ಯಾವದನ್ನು ಕೂಸಿಗೆ ಹಾಸಬೇಕು, ಯಾವದನ್ನು ಮಗಳಿಗಾಗಿ ಇಡಬೇಕು ಎಂಬ ತೀರ್ಮಾನವನ್ನು ಆ ಗೃಹಿಣಿಯು ಐವತ್ತು ಅರವತ್ತು ವರ್ಷಗಳ ವರೆಗೆ ಮಾಡುತ್ತ ಬರುವಳು. ಆ ತೀರ್ಮಾನಕ್ಕೆ ಒಂದು ಅಭಿರುಚಿ ಬೇಕು. ಅಭಿರುಚಿಗೆ ಒಂದು ತರ್ಕವಿರುವದು. ಹಾಗಾದರೆ ಜೀವಮಾನದುದ್ದಕ್ಕೂ ಬೆಳೆದ ಇಂಥ ಸಂಗ್ರಹವನ್ನು ಒಂದು ಕೃತಿಯೆಂದೇ ಬಗೆದು ಅದರ ಗುಣದೋಷಗಳನ್ನು ಎಣಿಸಬಾರದೇಕೆ? ಮುಧೋಳದಲ್ಲಿ ಹುಟ್ಟಿದ ರನ್ನನು ಬಳೆಗಾರರ ಕುಲದವನು. ತನ್ನ ಕೃತಿಯನ್ನು ರತ್ನಕ್ಕೆ ಹೋಲಿಸಿ, ಅದನ್ನು ಪರೀಕ್ಷಿಸಬರುವವನಿಗೆ ಎದೆಗಾರಿಕೆ ಬೇಕೆಂದು ಸವಾಲು ಹಾಕಿದ ಕವಿಯ ನಾಡಿನಲ್ಲಿ, ಬಳೆಯ ನೆರೆಯದೇ ಆದ ಸೀರೆಗೆ ಪರೀಕ್ಷಕರಿಲ್ಲವೆಂದರೆ ಅದು ಕೊರತೆಯೇ ಸರಿ. ಪರೀಕ್ಷೆಯು ಇದುವರೆಗೆ ನಡೆದಿಲ್ಲವೆಂದಲ್ಲ. ಅದು ಹೆಂಗಸರ ಮಾತಿನಲ್ಲಿ ನಡೆದಿದೆ, ಗಂಡಸರ ಬರಹದಲ್ಲಿ ನಡೆದಿಲ್ಲ.

೨

ಈ ಭಾಗದಲ್ಲಿ ಉಡುಗೆಯ ಸಂಗ್ರಹವು ಶ್ರೀಮಂತರ ಹವ್ಯಾಸವಾಗಿ ಹುಟ್ಟಲಿಲ್ಲ. ಸಂಸ್ಕಾರಗಳ ಮೂಲಕ ತಾನಾಗಿ ಕೂಡಿ ಬಂತು. ಮದುವೆಯಲ್ಲಿ ಆಯೇರಿ, ಹಬ್ಬದಲ್ಲಿ ತವರಿನ ಸೀರೆ, ಮುತ್ತೈದೆಯರು ಮನೆಗೆ ಬಂದಾಗ ಉಡಿ ತುಂಬುವ ಖಣ, ಬಸುರಿಗೆ ಹಸಿರು ಸೀರೆ: ಹೀಗೆ ಒಂದೊಂದು ಬಟ್ಟೆಯೂ ಒಂದೊಂದು ದಿನದ ಸಾಕ್ಷಿಯಾಗಿ ಮನೆಗೆ ಬರುವದು. ಬಸುರಿಗೆ ಮಾಡುವ ಸಂಸ್ಕಾರವನ್ನೇ ಇಲ್ಲಿಯ ಜನರು ‘ಕುಬಸ’ವೆಂದು ಕರೆಯುವರು. ಸಂಸ್ಕಾರಕ್ಕೆ ಉಡುಗೆಯ ಹೆಸರೇ ನಿಂತಿತೆಂದಮೇಲೆ, ಉಡುಗೆಯನ್ನು ಇಲ್ಲಿಯ ಜೀವನವು ಎಷ್ಟು ಒಳಗೆ ಬಿಟ್ಟುಕೊಂಡಿದೆಯೆಂಬದನ್ನು ಬೇರೆ ಹೇಳಬೇಕಾಗಿಲ್ಲ. ಕೂಸಿಗೆ ಹೊಲಿಸಿದ ಖಣದ ಕುಂಚಿಗೆಯೂ, ಕಸೂತಿ ಹಾಕಿದ ಕುಲಾವಿಯೂ, ಕೂಸು ಬೆಳೆದು ಮುದುಕನಾದ ಮೇಲೂ ಅದೇ ಪೆಟ್ಟಿಗೆಯಲ್ಲಿ ದೊರೆಯುವದುಂಟು.

ನಾಲ್ಕು ಸ್ಥಳಗಳೂ ಒಂದೇ ಜಿಲ್ಲೆಗೆ ಸೇರಿದವಾದರೂ ಪೆಟ್ಟಿಗೆಗಳ ಸ್ವಭಾವವು ಒಂದೇ ಅಲ್ಲ. ಜಮಖಂಡಿಯು ಪಟವರ್ಧನರ, ಮುಧೋಳವು ಘೋರ್ಪಡೆಯವರ ಸಂಸ್ಥಾನದ ರಾಜಧಾನಿಗಳಾಗಿದ್ದವು. ೧೯೪೮ರಲ್ಲಿ ಆ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನಗೊಂಡವು. ಮರಾಠಿ ದರಬಾರಿನ ರೀತಿನೀತಿಗಳೊಡನೆ ಪೈಠಣಿಯ ಮೇಲಿನ ಮೋಹವೂ, ರುಮಾಲು ಪಗಡಿಗಳ ಠೀವಿಯೂ ಇಂಥ ಊರುಗಳಿಗೆ ಬಂದದ್ದು ಸಹಜ. ರಬಕವಿ-ಬನಹಟ್ಟಿಗಳು ನೇಕಾರರ ಊರುಗಳು. ಅಲ್ಲಿಯ ಪೆಟ್ಟಿಗೆಯಲ್ಲಿ ಕೊಂಡು ತಂದ ಸೀರೆಗಿಂತ ಮನೆಯ ಮಗ್ಗದಿಂದಲೇ ಇಳಿದ ಸೀರೆಗೆ ಹೆಚ್ಚಿನ ಮರ್ಯಾದೆ. ಬೀಳಗಿಯದು ಒಕ್ಕಲುತನದ ಸೀಮೆ. ಅಲ್ಲಿ ಒಂದು ಇಳಕಲ್ಲ ಸೀರೆಯು ಒಂದು ಒಳ್ಳೆಯ ಸುಗ್ಗಿಯ ನೆನಪು. ದರಬಾರಿನ ಮೆರುಗು, ಮಗ್ಗದ ಅಭಿಮಾನ, ಹೊಲದ ದುಡಿಮೆ ಈ ಮೂರೂ ಕೂಡಿಯೇ ಈ ಸೀಮೆಯ ಉಡುಗೆಯ ಇತಿಹಾಸವಾಗಿದೆ. ಯಾವದೋ ಒಂದನ್ನೇ ಹಿಡಿದು ಸಂಗ್ರಹ ಮಾಡಿದವರಿಗೆ ಇತಿಹಾಸದ ಮೂರರಲ್ಲೊಂದು ಪಾಲು ಮಾತ್ರ ದಕ್ಕುವದು.

ಆಯೇರಿಯ ಬಟ್ಟೆಗಳ ವಿಷಯದಲ್ಲಿ ಒಂದು ಮಾತು. ಆಯೇರಿಯಲ್ಲಿ ಬಂದದ್ದೆಲ್ಲ ಸಂಗ್ರಹಕ್ಕೆ ಯೋಗ್ಯವೆಂದು ಯಾವ ಜಾಣ ಗೃಹಿಣಿಯೂ ತಿಳಿಯುವದಿಲ್ಲ. ಉಡಿಯಿಂದ ಉಡಿಗೆ, ಮದುವೆಯಿಂದ ಮದುವೆಗೆ ಮಡಿಕೆ ಬಿಚ್ಚದೆ ಸಂಚರಿಸಿ, ಕೊನೆಗೆ ಮೊದಲು ಕೊಟ್ಟವರ ಮನೆಗೇ ಮರಳುವ ಖಣಗಳೂ ಲೋಕದಲ್ಲಿವೆ. ಉಡದೆ ಉಳಿದದ್ದು ಬೇರೆ, ಉಟ್ಟು ಉಳಿದದ್ದು ಬೇರೆ. ಮೊದಲನೆಯದು ಸರಕು, ಎರಡನೆಯದು ಮಾತ್ರ ನೆನಪು.

೩

ಹಳೆಯ ಸೀರೆಯ ಆನಂದವು ಕಣ್ಣಿಗೆ ಒಮ್ಮೆಲೆ ಸಿಕ್ಕುವಂಥದಲ್ಲ. ಮೊದಲ ನೋಟಕ್ಕೆ ಬಣ್ಣವೊಂದೇ ತೋರುವದು: ದಾಳಿಂಬರದ ಕೆಂಪು, ನವಿಲಿನ ಹಸಿರು, ಗಿಳಿಯ ಹಸಿರು. ಕಿರಿಯ ವಯಸ್ಸಿನ ಸಂಗ್ರಹವು ಇಲ್ಲಿಯೇ ನಿಂತುಬಿಡುವದುಂಟು. ವಯಸ್ಸು ಮಾಗಿದಂತೆ ಕಣ್ಣು ಬಣ್ಣದಿಂದ ದಡಿಗೆ, ದಡಿಯಿಂದ ಸೆರಗಿಗೆ, ಸೆರಗಿನಿಂದ ನೇಯ್ಗೆಗೆ ಇಳಿಯುವದು. ಕಾವ್ಯವನ್ನು ಓದುವವನು ಮೊದಲು ಕಥೆಗೆ, ಆಮೇಲೆ ಅಲಂಕಾರಕ್ಕೆ, ಕಡೆಗೆ ಶಬ್ದಶಬ್ದದ ಬಂಧಕ್ಕೆ ಒಲಿಯುವಂತೆಯೇ ಇದು.

ಇದೇ ಜಿಲ್ಲೆಯ ಇಳಕಲ್ಲದ ಸೀರೆಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಅದರ ಒಡಲು ಸಾಮಾನ್ಯವಾಗಿ ಹತ್ತಿಯ ನೂಲಿನದು, ಸೆರಗು ರೇಶಿಮೆಯದು. ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಬೇರೆ ಬೇರೆಯಾಗಿ ಸಿದ್ಧಪಡಿಸಿ, ಎಳೆಗೆ ಎಳೆಯನ್ನು ಕುಣಿಕೆ ಹಾಕಿ ಜೋಡಿಸುವರು. ‘ತೋಪು ತೆನಿ’ ಎಂದು ಹೆಸರಾದ ಸೆರಗು ಈ ಜೋಡಣೆಯಿಂದಲೇ ಸಾಧ್ಯವಾಗುವದು. ಈ ಕಾರಣದಿಂದ ಒಂದು ಸೀರೆಗೆ ಒಂದೇ ಹಾಸು. ಹತ್ತಾರು ಸೀರೆಗಳ ಉದ್ದನೆಯ ಹಾಸನ್ನು ಮಗ್ಗಕ್ಕೆ ಹೂಡಿ ಸರಸರನೆ ನೇಯ್ದು ಕತ್ತರಿಸಲು ಬರುವದಿಲ್ಲ. ದಡಿಗಳೆರಡಕ್ಕೆ ಒಂದೊಂದು ಲಾಳಿ, ಒಡಲಿಗೆ ಇನ್ನೊಂದು, ಹೀಗೆ ಮೂರು ಲಾಳಿಗಳನ್ನು ಆಡಿಸಿ ಹೊಕ್ಕಿನ ಎಳೆಗಳನ್ನು ಒಂದಕ್ಕೊಂದು ಸಿಲುಕಿಸುವದಕ್ಕೆ ‘ಕೊಂಡಿ’ ಎನ್ನುವರು. ಈ ಕೆಲಸಕ್ಕೆ ನೇಕಾರನ ಎರಡು ಕೈಗಳು ಸಾಲದೆ ಬಗಲಿಗೆ ಇನ್ನೊಬ್ಬರು ಕೂಡುವದುಂಟು. ಸೆರಗಿನ ಕೆಂಪಿನಲ್ಲಿ ಬಿಳಿಯ ಕೋಟೆಯ ತೆನೆಗಳು, ಹಣಿಗೆಯ ಹಲ್ಲುಗಳು, ಜೋಳದ ತೆನೆಗಳು ಏಳುವವು. ಬಾದಾಮಿ, ಪಟ್ಟದಕಲ್ಲುಗಳ ಗುಡಿಗಳ ಸೀಮೆಯಲ್ಲಿ, ಬಿಳಿಜೋಳದ ಹೊಲಗಳ ನಡುವೆ ಇಂಥ ಸೆರಗು ಹುಟ್ಟಿದ್ದು ಆಶ್ಚರ್ಯವಲ್ಲ.

ಇಷ್ಟನ್ನು ತಿಳಿದ ಮೇಲೆ ಸೀರೆಯನ್ನು ಹಿಡಿಯುವ ಕೈಯೇ ಬೇರೆಯಾಗುವದು. ತಿಳಿದವಳು ಮೊದಲು ಸೆರಗನ್ನು ಹರವುವದಿಲ್ಲ. ಒಡಲೂ ಸೆರಗೂ ಕೂಡುವ ಸ್ಥಳವನ್ನು ಬೆರಳಿನಿಂದ ಸವರುವಳು. ಅಲ್ಲಿ ಕುಣಿಕೆಗಳ ಸಣ್ಣ ಗೆರೆಯು ತಗಲಿದರೆ ಅವಳ ಮುಖ ಅರಳುವದು. ಅನುಕರಣೆಯ ಸೀರೆಯಲ್ಲಿ ಕೆಂಪು ಸೆರಗು ಇರುವದು, ಬಿಳಿಯ ತೆನೆಯೂ ಇರುವದು, ಆದರೆ ಆ ಗೆರೆಯು ಇರುವದಿಲ್ಲ. ದಡಿಗಳಲ್ಲಿಯೂ ಚಿಕ್ಕಿ, ಗೋಮಿ, ಜರಿ, ಗಾಡಿದಡಿ, ಇತ್ತೀಚಿನ ಗಾಯತ್ರಿ ಎಂದು ಬಗೆಗಳುಂಟು. ಹೆಸರು ತಿಳಿಯದೆ ದಡಿಯನ್ನು ಮೆಚ್ಚುವದು ಛಂದಸ್ಸು ತಿಳಿಯದೆ ಷಟ್ಪದಿಯನ್ನು ಮೆಚ್ಚಿದಂತೆ. ಮೆಚ್ಚಿಕೆಯು ಸುಳ್ಳಲ್ಲ, ಆದರೆ ಅರ್ಧ.

ಸೀರೆಯ ಮೇಲೆ ಕಸೂತಿಯಿದ್ದರೆ ಪರೀಕ್ಷೆಯು ಇನ್ನೂ ಸೂಕ್ಷ್ಮವಾಗುವದು. ಗವಂತಿ, ಮುರಗಿ, ನೇಗಿ, ಮೆಂತೆ ಎಂಬ ನಾಲ್ಕು ಬಗೆಯ ಹೊಲಿಗೆಗಳು ಇದರಲ್ಲಿ ಪ್ರಸಿದ್ಧವಾದವು. ಬಟ್ಟೆಯ ಮೇಲೆ ಮೊದಲು ಚಿತ್ರವನ್ನು ಬರೆದುಕೊಳ್ಳುವ ರೂಢಿ ಇದರಲ್ಲಿಲ್ಲ. ಎಳೆಗಳನ್ನು ಎಣಿಸುತ್ತಲೇ ಗೋಪುರ, ತೇರು, ತುಳಸಿಯ ಕಟ್ಟೆ, ಅಂಬಾರಿಯ ಆನೆ, ತೊಟ್ಟಿಲು, ನವಿಲು ಇವುಗಳನ್ನು ಎಬ್ಬಿಸುವರು. ಗವಂತಿ, ಮುರಗಿಗಳಲ್ಲಿ ಮುಂಬದಿಯೂ ಹಿಂಬದಿಯೂ ಒಂದೇ ಆಗಿರಬೇಕು; ಗಂಟು ಕಾಣಬಾರದು. ಆದುದರಿಂದ ಹಿರಿಯರು ಕಸೂತಿಯನ್ನು ತಿರುವಿ ಹಾಕಿ ನೋಡುವರು. ಕಪ್ಪು ಚಂದ್ರಕಾಳಿ ಸೀರೆಯ ಮೇಲೆ ಹೀಗೆ ಎತ್ತಿದ ಒಂದು ತೇರಿನಲ್ಲಿ ಒಂದು ಎಳೆ ಲೆಕ್ಕ ತಪ್ಪಿದರೂ ಗಾಲಿಯು ಓರೆಯಾಗುವದು. ಅಂಥ ಓರೆಯ ಗಾಲಿಯೊಂದು ಪೆಟ್ಟಿಗೆಯಲ್ಲಿ ಉಳಿದಿದ್ದರೆ ಅದನ್ನು ದೋಷವೆಂದು ಎಣಿಸುವದಕ್ಕಿಂತ, ಸಂಜೆ ಕಂದೀಲಿನ ಬೆಳಕಿನಲ್ಲಿ ಕೂತ ಯಾವಳೋ ಹುಡುಗಿಯ ಕಣ್ಣು ಎಳೆದ ಗಳಿಗೆಯ ಗುರುತೆಂದು ಎಣಿಸುವದು ಹೆಚ್ಚು ರಸಿಕತೆ.

ಉದ್ದಳತೆಯೂ ಒಂದು ಪಾಠ. ಕಚ್ಚೆ ಹಾಕಿ ಉಡುವ ಕಾಲದ ಸೀರೆಗಳು ೧೬ ಮೊಳ, ೧೮ ಮೊಳದವು; ಈಗಿನವು ೧೧, ೧೨ ಮೊಳಕ್ಕೆ ಇಳಿದಿವೆ. ಹೊಲದಲ್ಲಿ ದುಡಿಯುವ ಹೆಂಗಸಿಗೆ ಕಚ್ಚೆಯ ಉಡುಗೆಯು ಕಾಲಿಗೆ ಬಿಡುವನ್ನು ಕೊಡುತ್ತಿತ್ತು. ಹೀಗೆ ಸೀರೆಯ ಅಳತೆಯಲ್ಲಿಯೇ ಒಂದು ತಲೆಮಾರಿನ ನಡಿಗೆಯು ಅಡಗಿರುವದು. ಮೊಮ್ಮಗಳು ಅದನ್ನು ಉಡಲು ಹೋಗಿ ಅರ್ಧ ಸೀರೆ ಕೈಯಲ್ಲಿಯೇ ಉಳಿದಾಗ ಅಜ್ಜಿಯು ನಗುವಳು. ಆ ನಗೆಯು ಯಾವ ಗ್ರಂಥದಲ್ಲಿಯೂ ದೊರೆಯದ ವ್ಯಾಖ್ಯಾನ.

೪

ಗುಣಗಳನ್ನು ಹೇಳಿದ ಮೇಲೆ ದೋಷಗಳನ್ನು ಹೇಳದಿದ್ದರೆ ಅದು ಸ್ತುತಿಯಾದೀತು, ವಿಮರ್ಶೆಯಾಗಲಾರದು. ಹಳೆಯ ಉಡುಗೆಯ ಸಂಗ್ರಹದಲ್ಲಿ ನಾಲ್ಕು ದೋಷಗಳು ಮುಖ್ಯವಾದವು.

ಮೊದಲನೆಯದು ಲೋಭ. ನಿಜವಾದ ಜರಿಯಲ್ಲಿ ಬೆಳ್ಳಿಯಿರುವದರಿಂದ ಹಳೆಯ ಜರಿಸೀರೆಗಳನ್ನು ತೂಕಕ್ಕೆ ಕೊಂಡು, ಸುಟ್ಟು, ಬೆಳ್ಳಿಯನ್ನು ತೆಗೆಯುವ ವ್ಯಾಪಾರವು ನಾಡಿನ ತುಂಬ ನಡೆದು ಬಂದಿದೆ. ಹಳೆಯ ಬಟ್ಟೆಗೆ ಹೊಸ ಪಾತ್ರೆಯನ್ನು ಕೊಟ್ಟು ಹೋಗುವವರ ಗಂಟಿನಲ್ಲಿ ಎಷ್ಟು ಒಳ್ಳೆಯ ಸೆರಗುಗಳು ಹೋಗಿವೆಯೋ ಲೆಕ್ಕವಿಲ್ಲ. ಬಡತನದಿಂದ ಮಾರಿದವರನ್ನು ಯಾರೂ ಹಳಿಯಬಾರದು. ಹಸಿವಿನ ಮುಂದೆ ಕಲೆಯ ಮಾತು ಆಡುವದು ಸಲ್ಲದು. ಆದರೆ ಉಂಡುಟ್ಟು ಸುಖವಾಗಿರುವ ಮನೆಯಲ್ಲಿ ಅಜ್ಜಿಯ ಸೀರೆಯು ಒಂದು ಸ್ಟೀಲಿನ ಡಬರಿಯಾಗಿ ಮಾರ್ಪಟ್ಟರೆ ಅದು ಲೋಭವೂ ಅಲ್ಲ, ಬರಿಯ ಅಜ್ಞಾನ.

ಎರಡನೆಯದು ಸಂಖ್ಯೆಯ ಮದ. ನೂರು ಸೀರೆಗಳಿವೆಯೆಂದು ಹೇಳಿಕೊಳ್ಳುವವಳು ಅವುಗಳಲ್ಲಿ ಹತ್ತರ ಕಥೆಯನ್ನು ಹೇಳಲಾರದೆ ಹೋದರೆ ಅದು ಅಂಗಡಿಯೇ ಹೊರತು ಸಂಗ್ರಹವಲ್ಲ.

ಮೂರನೆಯದು ಸುಳ್ಳು ಪ್ರಾಚೀನತೆ. ಕೈಗೆ ಬಂದ ಪ್ರತಿಯೊಂದು ಸೀರೆಯೂ ಇನ್ನೂರು ವರ್ಷದ್ದೆಂದು ಹೇಳುವ ಚಪಲವು ಅನೇಕರಲ್ಲಿ ಕಾಣುವದು. ಬಟ್ಟೆಯು ಸುಳ್ಳು ಹೇಳುವದಿಲ್ಲ, ಕೇಳಲು ತಿಳಿದಿರಬೇಕು. ಮಂಜಿಷ್ಠದ ಬೇರಿನ ಕೆಂಪಿಗೆ ಬದಲಾಗಿ ರಾಸಾಯನಿಕ ಅಲಿಝರಿನ್ ತಯಾರಿಕೆ ಯುರೋಪದಲ್ಲಿ ೧೮೬೯ರ ಸುಮಾರಿಗೆ ಆರಂಭವಾಯಿತು. ಕೃತಕ ನೀಲಿಯು ೧೮೯೭ರಲ್ಲಿ ಪೇಟೆಗೆ ಬಂತು. ಕೃತಕ ರೇಶಿಮೆಯು ನಮ್ಮ ಮಗ್ಗಗಳಿಗೆ ಬಂದದ್ದು ಅದಕ್ಕೂ ಈಚೆಗೆ. ದಡಿಯಿಂದ ಜಾರಿದ ಒಂದು ಎಳೆಯನ್ನು ಸುಟ್ಟು ನೋಡಿದರೆ ನಿಜವಾದ ರೇಶಿಮೆಯು ಕೂದಲು ಸುಟ್ಟ ನಾತವನ್ನು, ಕೃತಕ ರೇಶಿಮೆಯು ಕಾಗದ ಸುಟ್ಟ ನಾತವನ್ನು ಬೀರುವದು. ಕೃತಕ ರೇಶಿಮೆಯ ದಡಿಯ ಸೀರೆಯನ್ನು ಪೇಶವೆಯರ ಕಾಲಕ್ಕೆ ಒಯ್ಯಲು ಯಾರಿಗೂ ಬರುವದಿಲ್ಲ. ಹಾಗೆಂದು ಅದರ ಬೆಲೆ ಕಡಿಮೆಯಾಗುವದೆಂದೂ ಅಲ್ಲ; ರೇಶಿಮೆಯು ತುಟ್ಟಿಯಾದಾಗ ಬಡವರ ಹೆಂಗಸರೂ ಮೆರುಗಿನ ದಡಿಯನ್ನು ಉಡುವಂತಾದ ಕಾಲದ ಕಥೆ ಅದರಲ್ಲಿರುವದು.

ನಾಲ್ಕನೆಯ ದೋಷವು ಎಲ್ಲಕ್ಕಿಂತ ಸೂಕ್ಷ್ಮವಾದದ್ದು, ಮೌನ. ಅಹಮದಾಬಾದಿನಲ್ಲಿ ೧೯೪೯ರಲ್ಲಿ ಸ್ಥಾಪಿತವಾದ ಕ್ಯಾಲಿಕೊ ವಸ್ತ್ರಸಂಗ್ರಹಾಲಯದಂಥ ಸಂಸ್ಥೆಗಳು ಬಟ್ಟೆಯನ್ನು ಬೆಳಕು, ಧೂಳು, ಹುಳಗಳಿಂದ ಕಾಪಾಡಿ ಉಪಕಾರ ಮಾಡಿವೆ. ಆದರೆ ಗಾಜಿನ ಹಿಂದೆ ಹೋದ ಸೀರೆಯನ್ನು ಉಟ್ಟವಳು ಯಾರೆಂಬದು ಅನೇಕವೇಳೆ ಗಾಜಿನ ಹೊರಗೇ ಉಳಿದುಬಿಡುವದು. ಮನೆಯ ಪೆಟ್ಟಿಗೆಯ ಹೆಚ್ಚುಗಾರಿಕೆಯು ಇಲ್ಲಿಯೇ ಇದೆ. ಪೆಟ್ಟಿಗೆಯನ್ನು ವರ್ಷಕ್ಕೊಮ್ಮೆ ತೆರೆದು ಸೀರೆಗಳನ್ನು ನೆರಳಿನಲ್ಲಿ ಹರವಿದಾಗ, “ಆಯಿ, ಇದು ಯಾರ ಸೀರಿ?” ಎಂದು ಮೊಮ್ಮಗಳು ಕೇಳುವಳು. “ನನ್ನ ಕುಬಸದಾಗ ತವರಿನವರು ತಂದದ್ದವ್ವ, ನಿಮ್ಮಪ್ಪ ಆಗ ಹೊಟ್ಟ್ಯಾಗಿದ್ದ” ಎಂದು ಉತ್ತರ ಬರುವದು. ಈ ಎರಡು ಮಾತುಗಳಿಲ್ಲದೆ ಆ ಸೀರೆಯು ಹಸಿರು ಬಣ್ಣದ ಒಂದು ಬಟ್ಟೆ ಮಾತ್ರ.

ವರ್ಷಕ್ಕೊಮ್ಮೆ ತೆರೆಯುವ ಈ ರೂಢಿಯು ಬಟ್ಟೆಗೂ ಹಿತಕರ. ರೇಶಿಮೆಯು ಮಡಿಕೆಯಲ್ಲಿಯೇ ಮೊದಲು ಸೀಳುವದು. ಆದುದರಿಂದ ತೆರೆದಾಗಲೆಲ್ಲ ಮಡಿಕೆಯ ಗೆರೆಯನ್ನು ಬದಲಿಸಬೇಕು. ಕಬ್ಬಿಣದ ಕಾಟಿನಿಂದ ಕಟ್ಟಿದ ಕಪ್ಪು ಬಣ್ಣವು ಕಾಲಕ್ರಮದಲ್ಲಿ ನೂಲನ್ನೇ ತಿನ್ನುವದು; ಅಂಥ ಕಪ್ಪು ಸೀರೆಗಳನ್ನು ಬೇರೆಯಾಗಿ, ಮೆತ್ತನೆಯ ಬಿಳಿಯ ಅರಿವೆಯಲ್ಲಿ ಸುತ್ತಿಡುವದು ಲೇಸು. ಬೇವಿನ ಎಲೆ, ಲವಂಗ, ಲಾವಂಚಗಳು ಹುಳವನ್ನು ದೂರವಿಡಲು ಹಿರಿಯರು ಕಂಡುಕೊಂಡ ಉಪಾಯಗಳು. ಇವನ್ನು ತಿಳಿದು ಮಾಡುವದೂ ರಸಾಸ್ವಾದದ ಒಂದು ಅಂಗವೇ. ತಾಡೋಲೆಗೆ ಎಣ್ಣೆ ಹಚ್ಚುವ ಕೈಯೇ ಅದನ್ನು ಓದುವ ಕೈಯಾಗಿರುತ್ತಿತ್ತಲ್ಲವೆ?

೫

ತಾಡೋಲೆಯ ಮಾತು ಇಲ್ಲಿ ಅಪ್ರಾಸಂಗಿಕವಲ್ಲ. ವಚನಗಳನ್ನು ನಾಡಿಗೆ ಮರಳಿಸಿದ ಫ. ಗು. ಹಳಕಟ್ಟಿಯವರ ಗಮನವನ್ನು ಮೊದಮೊದಲು ಸೆಳೆದ ಓಲೆಯ ಕಟ್ಟುಗಳಲ್ಲಿ ಕೆಲವು ರಬಕವಿ-ಬನಹಟ್ಟಿಯ ಕಡೆಯ ಮನೆಯಲ್ಲಿದ್ದವು. ಅರಿವೆಯಲ್ಲಿ ಸುತ್ತಿ ಪೂಜೆಗಿಟ್ಟ ಇಂಥ ಕಟ್ಟುಗಳನ್ನು ಬಿಚ್ಚಿ, ಓದಿ, ಹೋಲಿಸಿ, ೧೯೨೩ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಅವರು ಪ್ರಕಟಿಸಿದರು. ಕಟ್ಟಿನೊಳಗಿನ ಓಲೆಗಳಿಗೆ ಉದ್ಧಾರವಾಯಿತು. ಕಟ್ಟಿಗೆ ಸುತ್ತಿದ ಅರಿವೆಯನ್ನು ನೋಡಿದವರು ಮಾತ್ರ ಯಾರೂ ಇಲ್ಲ. ೧೯೩೧ರಲ್ಲಿ ಹಲಸಂಗಿಯ ಗೆಳೆಯರು ‘ಗರತಿಯ ಹಾಡು’ ಸಂಕಲನವನ್ನು ಹೊರತಂದು ಬೀಸುವ ಕಲ್ಲಿನ ಮುಂದಿನ ಹಾಡುಗಳನ್ನು ಸಾಹಿತ್ಯದ ಪೀಠಕ್ಕೆ ಏರಿಸಿದರು. ಹಾಡಿದ ಆ ಗರತಿಯರೇ ಸೀರೆಯನ್ನು ಆರಿಸಿ, ಉಟ್ಟು, ಕಸೂತಿ ಹಾಕಿ, ಕೌದಿ ಹೊಲಿದವರು. ಅವರ ಕೊರಳಿನ ಕೃತಿಗೆ ಸಂಪಾದಕರು ದೊರೆತರು. ಕೈಯ ಕೃತಿಗೆ ದೊರೆಯಲಿಲ್ಲ. ಹಾಡು ಹೇಳಿದವಳು ಸತ್ತ ಮೇಲೂ ಅಚ್ಚಿನಲ್ಲಿ ಉಳಿಯಿತು; ಸೀರೆಯ ಹೆಸರನ್ನು ಬಲ್ಲವಳು ಸತ್ತರೆ ಸೀರೆಯೂ ಮೂಕವಾಗುವದು.

ಸಂಗ್ರಹವು ಹೊಸ ಸೃಷ್ಟಿಗೆ ಮೂಲಪ್ರತಿಯಾಗಬಲ್ಲದೆಂಬದಕ್ಕೆ ಕನ್ನಡ ನಾಡಿನಲ್ಲಿಯೇ ನಿದರ್ಶನಗಳಿವೆ. ಬೆಂಗಳೂರಿನಲ್ಲಿ ೧೯೭೪ರಲ್ಲಿ ವಿಮೋರ್ ಮಳಿಗೆಯನ್ನು ಆರಂಭಿಸಿದ ಚಿಮಿ ನಂಜಪ್ಪನವರೂ ಮಗಳು ಪವಿತ್ರಾ ಮುದ್ದಯ್ಯನವರೂ ಹಳೆಯ ಸೀರೆಗಳನ್ನು ಕೂಡಿಸಿ, ಅವನ್ನೇ ಮಾದರಿಯಾಗಿಟ್ಟು ನೇಕಾರರಿಂದ ಮತ್ತೆ ನೇಯಿಸಿದರು. ಸವದತ್ತಿಯ ಎಲ್ಲಮ್ಮನಿಗೆ ಅರ್ಪಿಸುವ ರೂಢಿಯಿದ್ದ, ಚೌಕಳಿಯ ‘ಪಟ್ಟೆದ ಅಂಚು’ ಸೀರೆಯು ಮಗ್ಗಗಳಿಂದ ಮರೆಯಾಗಿದ್ದಾಗ, ಹೇಮಲತಾ ಜೈನ ಅವರು ಹಳೆಯ ಮಾದರಿಯನ್ನು ಹುಡುಕಿ ಗಜೇಂದ್ರಗಡದ ಕಡೆಯ ನೇಕಾರರಿಂದ ಅದನ್ನು ಪುನಃ ಎಬ್ಬಿಸಿದರು. ಒಂದೇ ಒಂದು ಓಲೆಪ್ರತಿಯಿಂದ ಒಂದು ಕಾವ್ಯವು ಬದುಕಿ ಬಂದ ಹಾಗೆಯೇ ಇದು. ಯಾವಳೋ ಮುದುಕಿಯು ಮಾರದೆ, ಹರಿಯದೆ ಇಟ್ಟ ಒಂದು ಸೀರೆಯು ಹತ್ತಾರು ಮಗ್ಗಗಳಿಗೆ ಕೆಲಸವನ್ನು ಕೊಡಬಲ್ಲದು.

ಈ ಸಂಗತಿಯ ತೂಕವು ರಬಕವಿ-ಬನಹಟ್ಟಿ, ತೇರದಾಳ, ಮಹಾಲಿಂಗಪುರದ ನೇಕಾರರಿಗೆ ಬೇರೆ ಹೇಳಬೇಕಾಗಿಲ್ಲ. ಕುಣಿಮಗ್ಗಗಳ ಸ್ಥಳವನ್ನು ವಿದ್ಯುನ್ಮಗ್ಗಗಳು ಆಕ್ರಮಿಸಿ ಬಹುಕಾಲವಾಯಿತು. ಕೈಮಗ್ಗಕ್ಕೆ ಕೆಲವು ಬಗೆಯ ಬಟ್ಟೆಗಳನ್ನು ಮೀಸಲಿಡುವ ಕಾಯಿದೆಯು ೧೯೮೫ರಲ್ಲಿ ಬಂತು. ಇಳಕಲ್ಲ ಸೀರೆ, ಕಸೂತಿ, ಗುಳೇದಗುಡ್ಡದ ಖಣಗಳಿಗೆ ಭೌಗೋಳಿಕ ಸೂಚಿಯ ಮನ್ನಣೆಯೂ ದೊರೆತಿದೆ. ಕಾಯಿದೆಯು ಹೆಸರನ್ನು ಕಾಯಬಲ್ಲದು. ನೇಯುವ ಕೈಯನ್ನೂ ಗುರುತಿಸುವ ಕಣ್ಣನ್ನೂ ಅದು ಹುಟ್ಟಿಸಲಾರದು. ಕೊಂಡಿಯ ಗೆರೆಯನ್ನು ಬೆರಳಿನಿಂದ ಹುಡುಕುವ ಗಿರಾಕಿ ಇರುವ ವರೆಗೆ ಕೊಂಡಿ ಹಾಕುವ ನೇಕಾರನಿಗೆ ಕೂಲಿಯುಂಟು. ಗಿರಾಕಿಯ ಬೆರಳಿಗೆ ಆ ಪಾಠವನ್ನು ಕಲಿಸುವದು ಮನೆಯ ಹಳೆಯ ಸೀರೆ. ಪೆಟ್ಟಿಗೆಯ ಆನಂದಕ್ಕೂ ಮಗ್ಗದ ಅನ್ನಕ್ಕೂ ಇರುವ ಸಂಬಂಧವು ಇದೇ.

೬

ಇನ್ನು ಉಳಿದದ್ದು ಒಂದು ಕಠಿಣ ಪ್ರಶ್ನೆ: ಹಳೆಯ ಸೀರೆಯನ್ನು ಕೌದಿಗೆ ಹಾಕಬೇಕೊ, ಇಡಬೇಕೊ? ಸಂಗ್ರಹದ ಪಕ್ಷಪಾತಿಗಳು ಕತ್ತರಿಯನ್ನು ಕಂಡರೆ ಬೆಚ್ಚುವರು. ಇಳಕಲ್ಲದ ಸೆರಗನ್ನು ಕೌದಿಯ ನಡುವೆ ಕಂಡು, ಶಾಸನದ ಕಲ್ಲನ್ನು ಬಟ್ಟೆ ಒಗೆಯುವ ಹಾಸುಗಲ್ಲಾಗಿ ಕಂಡಷ್ಟೇ ಮರುಗುವರು. ಅವರ ಮರುಕದಲ್ಲಿ ಸತ್ಯಾಂಶವಿದೆ. ಆದರೆ ಕೌದಿಯು ಸಂಗ್ರಹದ ಶತ್ರುವಲ್ಲ. ಅದು ಸಂಗ್ರಹದ ಮತ್ತೊಂದು ರೂಪ. ಒಂದೇ ಕೌದಿಯಲ್ಲಿ ಅತ್ತೆಯ ಕೆಂಪು, ತಾಯಿಯ ಹಸಿರು, ಬಾಲ್ಯದ ಪರಕಾರದ ಹೂವು, ತೀರಿಹೋದ ಮಾವನ ರುಮಾಲಿನ ತುಂಡು ಇವೆಲ್ಲವೂ ಸಣ್ಣ ಸಣ್ಣ ಹೊಲಿಗೆಯ ಸಾಲುಗಳಲ್ಲಿ ಒಂದಾಗುವವು. ಕೌದಿಯು ಒಂದು ಮನೆತನದ ಚಂಪೂಕಾವ್ಯ. ಚಳಿಗಾಲದ ರಾತ್ರಿ ಅದನ್ನು ಹೊದ್ದ ಮೊಮ್ಮಗನು ತನ್ನ ಹಿರಿಯರೆಲ್ಲರ ಮಡಿಲಲ್ಲಿ ಏಕಕಾಲಕ್ಕೆ ಮಲಗುವನು.

ನೇಕಾರ ಶರಣ ಜೇಡರ ದಾಸಿಮಯ್ಯನ ಕಥೆಯನ್ನು ಈ ಪ್ರಶ್ನೆಗೆ ಒರೆಗಲ್ಲಾಗಿ ಹಿಡಿಯಬಹುದು. ಬಹುಶ್ರಮದಿಂದ ನೇಯ್ದ ವಸ್ತ್ರವನ್ನು ಅವನು ಸಂತೆಗೆ ಒಯ್ದು ಮರಳುವಾಗ ಮುದಿ ಜಂಗಮನೊಬ್ಬನು ಬಂದು ಅದನ್ನು ಬೇಡಿ ಪಡೆದು, ಕಣ್ಣೆದುರಿಗೇ ಹರಿದು ಚಿಂದಿ ಮಾಡಿದನಂತೆ, ದಾಸಿಮಯ್ಯನು ಕೋಪಿಸಿಕೊಳ್ಳಲಿಲ್ಲ, ಬಂದವನು ಶಿವನೇ ಆಗಿದ್ದು ತವನಿಧಿಯನ್ನು ಕೊಟ್ಟನಂತೆ. ಕಥೆಯ ನೀತಿಯನ್ನು ಭಕ್ತರು ತಮ್ಮ ರೀತಿಯಲ್ಲಿ ತಿಳಿಯಲಿ. ಬಟ್ಟೆಯ ವಿಮರ್ಶಕನು ಅದರಿಂದ ಕಲಿಯಬೇಕಾದದ್ದು ಇಷ್ಟು: ನೇಯ್ದವನಿಗೆ ತನ್ನ ಬಟ್ಟೆಯು ಹರಿಯುವದೆಂಬದು ಮೊದಲೇ ಗೊತ್ತು. ಶಾಶ್ವತತೆಗಾಗಿ ಯಾರೂ ಸೀರೆಯನ್ನು ನೇಯುವದಿಲ್ಲ, ಮೈಗಾಗಿ ನೇಯುವರು. ಆದುದರಿಂದ ಎಲ್ಲವನ್ನೂ ಇಡುತ್ತೇನೆಂಬ ಹಟವು ಸೀರೆಯ ಧರ್ಮಕ್ಕೆ ವಿರುದ್ಧ. ಎಲ್ಲವನ್ನೂ ಹರಿಯುತ್ತೇನೆಂಬ ಉದಾಸೀನತೆಯು ನೇಕಾರನ ಕೈಗೆ ಅಪಮಾನ. ನೇಯ್ಗೆಯಲ್ಲಿ ಅಪೂರ್ವವಾದದ್ದನ್ನು, ಮತ್ತೆ ನೇಯಲು ಮಾದರಿಯಾಗುವಂಥದನ್ನು ಇಡಬೇಕು; ಉಳಿದದ್ದನ್ನು ಉಟ್ಟು, ಹಾಸಿ, ಹೊಲಿದು ಅದರ ಆಯುಷ್ಯವನ್ನು ಪೂರ್ತಿಯಾಗಿ ಬಾಳಗೊಡಬೇಕು. ಈ ವಿವೇಕವನ್ನು ಪುಸ್ತಕವಿಲ್ಲದೆಯೇ ಬಲ್ಲ ಅಜ್ಜಿಯರು ಈ ಸೀಮೆಯಲ್ಲಿ ಇದ್ದರು. ಈಗಲೂ ಅಲ್ಲಲ್ಲಿ ಇದ್ದಾರೆ.

ಅವರ ಕಾಲವು ಮಾತ್ರ ದೀರ್ಘವಾಗಿ ಉಳಿದಿಲ್ಲ. ಬೀಳಗಿ ಸೀಮೆಯಲ್ಲಿ ಆಲಮಟ್ಟಿಯ ಹಿನ್ನೀರು ಏರಿ ಊರುಗಳು ಎದ್ದು ಪುನರ್ವಸತಿಯ ನೆಲೆಗಳಿಗೆ ಹೋದಾಗ, ಬಾಗಿಲ ಚೌಕಟ್ಟು, ತೊಲೆ, ಜಂತಿಗಳನ್ನು ಜನರು ಕಿತ್ತು ಗಾಡಿಗೆ ಹೇರಿದರು. ತೊಲೆಗೆ ಲೆಕ್ಕವಿತ್ತು, ನೆಲಕ್ಕೆ ಪರಿಹಾರವಿತ್ತು. ಪೆಟ್ಟಿಗೆಯ ತಳದ ಸೀರೆಗೆ ಯಾವ ಪಟ್ಟಿಯಲ್ಲಿಯೂ ಸ್ಥಳವಿರಲಿಲ್ಲ. ಹೊಸ ಮನೆಯ ಕಬ್ಬಿಣದ ಕಪಾಟಿಗೆ ಹಳೆಯ ಕಟ್ಟಿಗೆಯ ಪೆಟ್ಟಿಗೆಯು ಎಡೆಗೊಡುವಾಗ ಗಂಟಿನಿಂದ ಕಳಚುವದು ಮೊದಲು ಹಳೆಯ ಅರಿವೆಯೇ. ಮನೆಯನ್ನು ನೀರಿಗೆ ಕೊಟ್ಟ ಹೆಂಗಸಿಗೆ ತವರಿನ ಆ ಒಂದು ಸೀರೆಯು ಎಷ್ಟರ ಆಸ್ತಿಯೆಂಬದನ್ನು ಬಲ್ಲವರು ಬಲ್ಲರು.

ಇದಕ್ಕೆ ದೊಡ್ಡ ಸಂಗ್ರಹಾಲಯವೇ ಬೇಕೆಂದೇನೂ ಇಲ್ಲ. ಕಸೂತಿಯಂತೆ ಇದನ್ನೂ ಎಳೆ ಎಣಿಸುತ್ತಲೇ ಆರಂಭಿಸಬಹುದು. ಶಾಲೆಗೆ ಹೋಗುವ ಮೊಮ್ಮಗಳು ಒಂದು ದಿನ ಅಜ್ಜಿಯ ಬಳಿ ಕೂತು, ಒಂದೊಂದು ಸೀರೆಯನ್ನು ಬಿಚ್ಚಿದ ಹಾಗೆ ಒಂದೊಂದು ಚೀಟಿಯನ್ನು ಬರೆಯಲಿ: ದಡಿಯ ಹೆಸರು, ಒಡಲಿನ ಬಣ್ಣದ ಹೆಸರು, ಎಷ್ಟು ಮೊಳ, ಯಾವ ಊರಿನ ಮಗ್ಗ, ಯಾರು ಕೊಟ್ಟರು, ಯಾವ ಕಾರ್ಯಕ್ಕೆ, ಮೊದಲು ಉಟ್ಟದ್ದು ಎಂದು. ಹಲಸಂಗಿಯ ಗೆಳೆಯರು ಹಾಡಿಗೆ ಮಾಡಿದ್ದೂ ಹೆಚ್ಚುಕಡಿಮೆ ಇದೇ ಕೆಲಸ. ಜಿಲ್ಲೆಯ ಸಾಹಿತ್ಯಸಂಘಗಳು ಅಂಥ ಚೀಟಿಗಳ ನಕಲನ್ನು ಕೂಡಿಸಿದರೆ, ಹಾಡಿಗೆ ಸಂದ ನ್ಯಾಯವು ಸೀರೆಗೂ ಸಂದೀತು. ಚೀಟಿಯನ್ನು ಶಾಯಿಯಿಂದ ಬರೆಯದೆ ಸೀಸದ ಕಡ್ಡಿಯಿಂದ ಬರೆಯುವದು ಉತ್ತಮ, ಶಾಯಿಯು ರೇಶಿಮೆಗೆ ಹತ್ತೀತು. ಬರೆದದ್ದನ್ನು ಸೆರಗಿನೊಳಗೆ ಇಡದೆ, ಮೇಲೆ ಸುತ್ತಿದ ಬಿಳಿಯ ಅರಿವೆಯ ಮಡಿಕೆಯಲ್ಲಿಡಬೇಕು. ಮುಂದಿನ ವರ್ಷ ಪೆಟ್ಟಿಗೆ ತೆರೆದಾಗ ಅಜ್ಜಿಯು ಅಲ್ಲಿರದಿದ್ದರೂ ಸೀರೆಯು ತನ್ನ ಹೆಸರನ್ನು ತಾನೇ ಹೇಳೀತು.